ಅಣ್ಣನ ಮಗಳ ನೋಟ್‌ಬುಕ್ಕಿನ ಕೊನೆಯ ಹಾಳೆ

ಮೊನ್ನೆ ಶನಿವಾರ ಸಂಜೆ ಗುರುಮಠಕಲ್ ಕಡೆಯ ನಮ್ಮೂರಿನಿಂದ ಅಣ್ಣ ಫೋನ್ ಮಾಡಿದ್ದ. "ತಮ್ಮಾ, ಹುಡುಗಿ ಮೊಬೈಲಿಗಿ ಮೆಸೇಜ್ ಬಂದಾದ. ಸೋಮವಾರ ಹತ್ತೂವರಿಗಿ ಓರಿಯಂಟೇಶನ್ ಅಂತ, ತಾಯಿ-ತಂದಿನೂ ಬರಬೇಕಂತ. ಹೋಗ್ಲೇಬೇಕೇನು? ಇಲ್ಲಿ ಎಡಿ ಹೊಡ್ಯೋದು ನಡದಾದ. ಅಡ್ಮಿಷನ್ ಅಂತೂ ಆಗ್ಯಾದಲ್ಲ."

ಅವನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಮಳೆ ಎರಡು ದಿನ ಹೊಳವಾದಾಗಲೇ ತೊಗರಿ ಸಾಲಿನ ನಡುವೆ ಎಡೆ ಹೊಡೆಯಬೇಕು, ಆಳು ಸಿಕ್ಕಾಗಲೇ ಕಳೆ ತೆಗೆಸಬೇಕು. ಆ ಎರಡು ದಿನ ತಪ್ಪಿದರೆ ಎರೆ ಹೊಲದಲ್ಲಿ ಮತ್ತೆ ಕಾಲಿಡಲಿಕ್ಕೂ ಆಗುವುದಿಲ್ಲ. ಅಂಥ ಹೊತ್ತಿನಲ್ಲಿ ಒಂದು ದಿನ ಪೂರ್ತಿ ಕೆಲಸ ಬಿಟ್ಟು, ಯಾದಗಿರಿಗೆ ಬಂದು, ಅಲ್ಲಿಂದ ವಾಡಿ ಮಾರ್ಗವಾಗಿ ರೈಲಿನಲ್ಲಿ ಕಲಬುರಗಿ ತಲುಪಿ, ಒಂದು ಸಭಾಂಗಣದಲ್ಲಿ ಕುಳಿತು ಭಾಷಣ ಕೇಳಿ ಬರುವುದರಿಂದ ಏನು ಸಿಗುತ್ತದೆ ಎಂದು ಒಬ್ಬ ರೈತ ಕೇಳಿದರೆ, ಅದಕ್ಕೆ ಸರಿಯಾದ ಉತ್ತರ ಕೊಡುವುದು ನನ್ನಂಥ ಮೇಷ್ಟರ ಕರ್ತವ್ಯ. "ಹೋಗ್ಲೇಬೇಕು ಅಣ್ಣಾ, ಅಕೀನ ಒಬ್ಬಾಕಿನೇ ಕಳಿಸಬ್ಯಾಡ, ನೀನೂ ಹೋಗು" ಎಂದು ಹೇಳಿದೆ. ಯಾಕೆ ಎಂಬುದನ್ನು ಫೋನಿನಲ್ಲಿ ಪೂರ್ತಿ ಹೇಳಲಾಗಲಿಲ್ಲ. ಮರುದಿನ ಮಗಳು ತಾನೇ ಫೋನ್ ಮಾಡಿ, ನೋಟ್‌ಬುಕ್ಕಿನ ಕೊನೆಯ ಹಾಳೆ ತೆರೆದು ಕುಳಿತು, ನಾನು ಹೇಳಿದ್ದನ್ನೆಲ್ಲ ಬರೆದುಕೊಂಡಳು. ಈ ವರ್ಷ ನಮ್ಮ ಭಾಗದಿಂದ ಮನೆಯಲ್ಲಿ ಮೊದಲಿಗರಾಗಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುತ್ತಿರುವ ಬೇರೆ ಮಕ್ಕಳಿಗೂ ಉಪಯೋಗವಾಗಲೆಂದು ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ಮೊದಲ ದಿನದಿಂದಲೇ ಆರಂಭಿಸಬೇಕು. 1993ರಲ್ಲಿ ನಾನು ಪದವಿಗೆಂದು ಗುಲಬರ್ಗಾಕ್ಕೆ ಬಂದಾಗ ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಓರಿಯಂಟೇಶನ್ ಎಂಬ ಶಬ್ದವನ್ನು ನಾವು ಕೇಳಿರಲಿಲ್ಲ. ಅದಕ್ಕೆ ಸ್ವಾಗತ ಸಮಾರಂಭ ಎನ್ನುತ್ತಿದ್ದರು. ಅಪ್ಪ ಬಂದಿದ್ದರು. ಒಳಗೆ ಬನ್ನಿ ಎಂದು ಯಾರೂ ಕರೆಯದ ಕಾರಣ ಬಾಗಿಲ ಹೊರಗೆ ಕಟ್ಟೆಯ ಮೇಲೆ ಕುಳಿತರು. ವೇದಿಕೆಯ ಮೇಲಿದ್ದವರು ಒಂದು ತಾಸಿಗೂ ಹೆಚ್ಚು ಇಂಗ್ಲಿಷಿನಲ್ಲಿ ಮಾತಾಡಿದರು. ಕನ್ನಡ ಮಾಧ್ಯಮದಿಂದ ಬಂದಿದ್ದ ನನಗೆ ಅದರಲ್ಲಿ ಅರ್ಥವಾದದ್ದು ಬಹಳ ಸ್ವಲ್ಪ. ಪಕ್ಕದ ಹುಡುಗ ಚಪ್ಪಾಳೆ ತಟ್ಟಿದಾಗ ನಾನೂ ತಟ್ಟಿದೆ. ಶುಲ್ಕ ವಿನಾಯಿತಿಯ ಅರ್ಜಿಯನ್ನು ಹದಿನೈದು ದಿನದೊಳಗೆ ಕೊಡಬೇಕೆಂಬ ಸೂಚನೆ ಆ ಭಾಷಣದ ನಡುವೆಯೇ ಎಲ್ಲೋ ಹಾದುಹೋಗಿತ್ತು. ಅದು ನನಗೆ ಗೊತ್ತಾದದ್ದು ದೀಪಾವಳಿ ಕಳೆದ ಮೇಲೆ, ಗಡುವು ಮುಗಿದು ಎಷ್ಟೋ ದಿನಗಳಾದ ನಂತರ. ಕಚೇರಿಯ ಕಿಂಡಿಯ ಮುಂದೆ ನಿಂತಾಗ ಒಳಗಿದ್ದವರು, "ಸಭಾದಾಗ ಹೇಳಿದ್ದೆವಲ್ಲ, ಯಾಕ ಕೇಳಲಿಲ್ಲ?" ಎಂದರು. ಆ ವರ್ಷದ ಶುಲ್ಕಕ್ಕೆ ಅಪ್ಪ ಅಡತಿ ಅಂಗಡಿಯಲ್ಲಿ ಕೈಗಡ ತಂದರು, ತೊಗರಿ ಬಂದಾಗ ಅದನ್ನು ಹಾಕಿಯೇ ತೀರಿಸಿದರು. ಆ ಕಾಲೇಜಿನ ಹೆಸರು ಇಲ್ಲಿ ಬೇಕಾಗಿಲ್ಲ, ಆ ಕಾಲದಲ್ಲಿ ಎಲ್ಲ ಕಡೆಯೂ ಹೀಗೇ ಇತ್ತು.

"ಯಾಕ ಕೇಳಲಿಲ್ಲ" ಎಂಬ ಆ ಮಾತು ನನ್ನೊಳಗೆ ಬಹಳ ವರ್ಷ ಉಳಿಯಿತು. ಕನ್ನಡದಲ್ಲಿ ಕೇಳುವುದು ಎಂದರೆ ಕಿವಿಗೊಡುವುದೂ ಹೌದು, ಪ್ರಶ್ನಿಸುವುದೂ ಹೌದು. ನಾನು ಆ ದಿನ ಎರಡನ್ನೂ ಮಾಡಿರಲಿಲ್ಲ. ಇಪ್ಪತ್ತು ವರ್ಷಗಳಿಂದ ಸರಕಾರಿ ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತ, ಪ್ರತಿ ವರ್ಷ ಹೊಸ ಮಕ್ಕಳ ಸ್ವಾಗತದ ಸಮಿತಿಯಲ್ಲಿದ್ದು ನಾನು ಕಂಡುಕೊಂಡದ್ದು ಇಷ್ಟು: ವರ್ಷದ ಉಳಿದೆಲ್ಲ ದಿನಗಳಲ್ಲಿ ವಿದ್ಯಾರ್ಥಿಯೇ ಒಂದೊಂದು ಕಿಂಡಿಗೆ ಅಲೆದು ಉತ್ತರ ಹುಡುಕಬೇಕು, ಈ ಒಂದು ದಿನ ಮಾತ್ರ ಇಡೀ ಸಂಸ್ಥೆ ಒಂದೇ ಚಾವಣಿಯ ಕೆಳಗೆ, ಉತ್ತರ ಕೊಡಲಿಕ್ಕೆಂದೇ ಎದುರಿಗೆ ಬಂದು ಕೂತಿರುತ್ತದೆ. ಅದನ್ನು ಬಳಸಿಕೊಳ್ಳಬೇಕಾದರೆ ಪ್ರಶ್ನೆಗಳನ್ನು ಮನೆಯಿಂದಲೇ ಬರೆದುಕೊಂಡು ಹೋಗಬೇಕು, ಏಕೆಂದರೆ ಅಷ್ಟು ಜನರ ನಡುವೆ ಕುಳಿತಾಗ ಮನಸ್ಸಿಗೆ ಒಂದೂ ನೆನಪಾಗುವುದಿಲ್ಲ.

ಮೊದಲ ಒಂದೂವರೆ ತಾಸು ಸಾಮಾನ್ಯವಾಗಿ ಪ್ರಾರ್ಥನೆ, ದೀಪ ಬೆಳಗಿಸುವುದು, ಹೂಗುಚ್ಛ ಮತ್ತು ಭಾಷಣಗಳಿಗೆ ಹೋಗುತ್ತದೆ. ಈ ಭಾಗವನ್ನು ಬೇಸರಪಡದೆ ಗಮನಿಸಬೇಕು ಎಂದು ಮಗಳಿಗೆ ಹೇಳಿದೆ, ಏಕೆಂದರೆ ವೇದಿಕೆಯ ಮೇಲೆ ಯಾರು ಯಾವ ಕೆಲಸದವರು ಎಂಬುದು ಮುಂದೆ ಮೂರು ವರ್ಷ ಉಪಯೋಗಕ್ಕೆ ಬರುತ್ತದೆ. ನಮ್ಮ ರಾಜ್ಯದ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಕುಲಾಧಿಪತಿಗಳು ಎಂದರೆ ರಾಜ್ಯಪಾಲರು. ದಿನನಿತ್ಯದ ಆಡಳಿತ ನಡೆಸುವ ಮುಖ್ಯಸ್ಥರು ಕುಲಪತಿಗಳು. ಅವರ ಕೆಳಗೆ ಇಬ್ಬರು ಕುಲಸಚಿವರಿರುತ್ತಾರೆ. ಒಬ್ಬರು ಆಡಳಿತದವರು, ಇನ್ನೊಬ್ಬರು ಮೌಲ್ಯಮಾಪನದವರು. ಅಂಕಪಟ್ಟಿಯಲ್ಲಿ ಹೆಸರು ತಪ್ಪಾದರೆ, ಫಲಿತಾಂಶ ತಡೆಹಿಡಿದರೆ, ಮರುಮೌಲ್ಯಮಾಪನ ಬೇಕಾದರೆ ಮೌಲ್ಯಮಾಪನ ವಿಭಾಗಕ್ಕೆ ಹೋಗಬೇಕೇ ಹೊರತು ಆಡಳಿತ ವಿಭಾಗದ ಬಾಗಿಲಲ್ಲಿ ದಿನಗಟ್ಟಲೆ ನಿಲ್ಲಬಾರದು. ಈ ಒಂದು ವ್ಯತ್ಯಾಸ ತಿಳಿಯದೆ ಊರಿಂದ ಮೂರು ಮೂರು ಸಲ ಬಂದು ಹೋದ ತಂದೆಯರನ್ನು ನಾನು ನೋಡಿದ್ದೇನೆ.

ವೇದಿಕೆಗಿಂತಲೂ ಮುಖ್ಯವಾದವರು ಸಭಾಂಗಣದ ಬದಿಯ ಗೋಡೆಗೆ ಒರಗಿ ನಿಂತಿರುತ್ತಾರೆ. ವಿಭಾಗದ ಗುಮಾಸ್ತರು, ವಿದ್ಯಾರ್ಥಿವೇತನದ ಕಡತ ನೋಡುವವರು, ಗ್ರಂಥಪಾಲಕರು, ವಾರ್ಡನ್. ಯಾರೂ ಇವರ ಹೆಸರನ್ನು ಮೈಕಿನಲ್ಲಿ ಹೇಳುವುದಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಚಹಾ ಕುಡಿಯುವ ಹೊತ್ತಿನಲ್ಲಿ ಇವರ ಬಳಿ ಹೋಗಿ, ನಮಸ್ಕಾರ ಹೇಳಿ, ಯಾವ ಕೋಣೆಯಲ್ಲಿ ಕೂರುತ್ತೀರಿ, ಯಾವ ಹೊತ್ತಿಗೆ ಬಂದರೆ ಸಿಗುತ್ತೀರಿ ಎಂದು ಕೇಳಿ ಬರೆದುಕೊಳ್ಳಬೇಕು. ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿಯ ಮೂರು ವರ್ಷ ಸುಸೂತ್ರವಾಗಿ ನಡೆಯುವುದು ಬಹುಮಟ್ಟಿಗೆ ಇವರ ಕೈಯಲ್ಲಿದೆ ಎಂದು ನಾನು ಅನುಭವದಿಂದ ನಂಬಿದ್ದೇನೆ.

ಕಾಗದಪತ್ರಗಳ ಮಾತು. ಆ ದಿನ ಬಹಳ ಕಡೆ ಪ್ರಮಾಣಪತ್ರಗಳ ಪರಿಶೀಲನೆಯನ್ನೂ ಇಟ್ಟಿರುತ್ತಾರೆ. ಮೂಲ ಅಂಕಪಟ್ಟಿಗಳನ್ನು ನೋಡಿ, ಪ್ರತಿಗಳನ್ನು ತೆಗೆದುಕೊಂಡು, ಮೂಲವನ್ನು ಆಗಲೇ ಹಿಂದಿರುಗಿಸಬೇಕು. ಮೂಲ ಪ್ರಮಾಣಪತ್ರಗಳನ್ನು ಸಂಸ್ಥೆ ತನ್ನಲ್ಲಿ ಇಟ್ಟುಕೊಳ್ಳಬಾರದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2018ರಲ್ಲಿ ಅಧಿಸೂಚನೆ ಹೊರಡಿಸಿದೆ. ವರ್ಗಾವಣೆ ಪತ್ರದಂಥ ಕೊಡಲೇಬೇಕಾದ ಕಾಗದ ಕೊಟ್ಟರೆ ಅದಕ್ಕೆ ಸ್ವೀಕೃತಿ ಕೇಳಬೇಕು, ಕೊಡುವ ಮೊದಲು ಎರಡು ಪ್ರತಿ ಝೆರಾಕ್ಸ್ ಮಾಡಿಸಿಟ್ಟುಕೊಂಡಿರಬೇಕು. ನಮ್ಮ ಭಾಗದ ಮಕ್ಕಳ ಫೈಲಿನಲ್ಲಿ ಇನ್ನೊಂದು ಕಾಗದ ತಪ್ಪದೆ ಇರಬೇಕು, ಅದು 371(ಜೆ) ಅರ್ಹತಾ ಪ್ರಮಾಣಪತ್ರ. 2012ರ 98ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ಈ ವಿಧಿಯಿಂದಲೇ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70ರಷ್ಟು ಸೀಟು ಮೀಸಲಾಗಿದೆ. ಪ್ರವೇಶದ ಹೊತ್ತಿಗೆ ಅದನ್ನು ಕೊಟ್ಟು ಮರೆತುಬಿಡುತ್ತಾರೆ, ಮುಂದೆ ನೌಕರಿಯ ಅರ್ಜಿ ಹಾಕುವಾಗ ಮತ್ತೆ ಹುಡುಕುತ್ತಾರೆ. ನನ್ನ ಅಣ್ಣ ಮಗಳ ಕಾಗದಗಳನ್ನೆಲ್ಲ ಗೊಬ್ಬರದ ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮೇಲೊಂದು ರಬ್ಬರ್ ಬ್ಯಾಂಡ್ ಹಾಕಿ, ತೊಲೆಗೆ ತೂಗುಹಾಕಿಟ್ಟಿದ್ದ. ಸೋರುವ ಮನೆಯಲ್ಲಿ ಕಾಗದ ಕಾಪಾಡುವ ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಆದರೂ ಎಲ್ಲವನ್ನೂ ಒಮ್ಮೆ ಸ್ಕ್ಯಾನ್ ಮಾಡಿಸಿ ಮೊಬೈಲಿನಲ್ಲಿ, ಡಿಜಿಲಾಕರಿನಲ್ಲಿ ಇಟ್ಟುಕೋ ಎಂದು ಮಗಳಿಗೆ ಹೇಳಿದೆ.

ವಿದ್ಯಾರ್ಥಿವೇತನದ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ನಾನು ಕಳೆದುಕೊಂಡದ್ದು ಅದನ್ನೇ. ಈಗ ರಾಜ್ಯದಲ್ಲಿ ಎಸ್‌ಎಸ್‌ಪಿ ಎಂಬ ಒಂದೇ ಪೋರ್ಟಲಿನಲ್ಲಿ ಅರ್ಜಿ ಹಾಕಿದರೆ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಮುಂತಾದ ಇಲಾಖೆಗಳಲ್ಲಿ ಸಂಬಂಧಪಟ್ಟದ್ದಕ್ಕೆ ಅದು ಹೋಗುತ್ತದೆ. ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್.ಡಿ. ಸಂಖ್ಯೆಯನ್ನು ಅಲ್ಲಿ ತುಂಬಬೇಕು. ಅರ್ಜಿ ಪ್ರತಿ ವರ್ಷವೂ ಹಾಕಬೇಕು. ಒಮ್ಮೆ ಹಾಕಿದರೆ ಮೂರು ವರ್ಷಕ್ಕೂ ಆಯಿತೆಂದು ತಿಳಿದು ಎರಡನೇ ವರ್ಷ ಕಳೆದುಕೊಳ್ಳುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ.

ಅರ್ಜಿ ಮಂಜೂರಾದ ಮೇಲೂ ಹಣ ಬರದೆ ಇರುವುದು ಹೆಚ್ಚಾಗಿ ಬ್ಯಾಂಕ್ ಖಾತೆಯ ಕಾರಣದಿಂದ. ಇದನ್ನು ಒಂದು ಉದಾಹರಣೆಯಿಂದಲೇ ಹೇಳಬೇಕು. ನನ್ನ ವಿದ್ಯಾರ್ಥಿನಿಯೊಬ್ಬಳು ಹೊಸ ಖಾತೆ ತೆರೆದು, ಅದಕ್ಕೆ ಆಧಾರ್ ಪ್ರತಿ ಕೊಟ್ಟು, ಪಾಸ್‌ಬುಕ್ಕಿನ ಝೆರಾಕ್ಸನ್ನು ಕಚೇರಿಗೆ ಕೊಟ್ಟು ಆರು ತಿಂಗಳು ಕಾದಳು. ಪೋರ್ಟಲಿನಲ್ಲಿ ಹಣ ಜಮೆಯಾಗಿದೆ ಎಂದು ತೋರಿಸುತ್ತಿತ್ತು, ಪಾಸ್‌ಬುಕ್ಕಿನಲ್ಲಿ ಒಂದು ರೂಪಾಯಿಯೂ ಇರಲಿಲ್ಲ. ಕೊನೆಗೆ ನೋಡಿದರೆ ಹೈಸ್ಕೂಲಿನಲ್ಲಿದ್ದಾಗ ಊರ ಹತ್ತಿರದ ಬ್ಯಾಂಕಿನಲ್ಲಿ ತೆರೆದು ಮರೆತುಹೋಗಿದ್ದ ಖಾತೆಗೆ ಹಣ ಹೋಗಿ ಕೂತಿತ್ತು. ಬ್ಯಾಂಕಿಗೆ ಆಧಾರ್ ಪ್ರತಿ ಕೊಡುವುದು ಬೇರೆ, ಸರಕಾರದ ಹಣ ಬರಲೆಂದು ಆಧಾರ್ ಸೀಡಿಂಗ್ ಮಾಡಿಸುವುದು ಬೇರೆ. ನೇರ ವರ್ಗಾವಣೆಯ ಹಣ ಆಧಾರ್ ಸಂಖ್ಯೆಯನ್ನು ಹಿಡಿದು ಹೋಗುತ್ತದೆ, ಕೊನೆಯದಾಗಿ ಯಾವ ಖಾತೆಗೆ ಸೀಡಿಂಗ್ ಆಗಿದೆಯೋ ಆ ಖಾತೆಗೇ ಸೇರುತ್ತದೆ. ಆದ್ದರಿಂದ ಬ್ಯಾಂಕಿಗೆ ಹೋಗಿ, "ಈ ಖಾತೆಗೆ ಆಧಾರ್ ಸೀಡಿಂಗ್ ಆಗಿದೆಯೇ" ಎಂದು ಇದೇ ಶಬ್ದದಲ್ಲಿ ಕೇಳಬೇಕು. ಹಾಗೆಯೇ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿರುವ ಹೆಸರೂ ಆಧಾರಿನಲ್ಲಿರುವ ಹೆಸರೂ ಅಕ್ಷರಕ್ಕೆ ಅಕ್ಷರ ಹೊಂದುತ್ತವೆಯೇ ಎಂದು ನೋಡಬೇಕು. ನಮ್ಮ ಕಡೆ ಒಂದರಲ್ಲಿ ಅಪ್ಪನ ಹೆಸರು ಸೇರಿರುತ್ತದೆ, ಇನ್ನೊಂದರಲ್ಲಿ ಅಡ್ಡಹೆಸರು ಸೇರಿರುತ್ತದೆ, ಇಷ್ಟಕ್ಕೇ ಅರ್ಜಿ ನಿಲ್ಲುತ್ತದೆ. ಓರಿಯಂಟೇಶನ್ನಿನಲ್ಲಿ ಕೇಳಬೇಕಾದ ಪ್ರಶ್ನೆ ಇದು: ಈ ವರ್ಷದ ಅರ್ಜಿ ಎಂದು ಆರಂಭ, ಎಂದು ಕೊನೆ, ನಮ್ಮ ವಿಭಾಗದಲ್ಲಿ ಅದನ್ನು ಪರಿಶೀಲಿಸುವವರು ಯಾರು? ಮೂರಕ್ಕೂ ಉತ್ತರ ಬರುವವರೆಗೆ ಕೂರಬೇಡ ಎಂದು ಮಗಳಿಗೆ ಹೇಳಿದೆ.

ಪಾಠಕ್ಕೆ ಸಂಬಂಧಿಸಿದ ಶಬ್ದಗಳು ಹೊಸಬರನ್ನು ಹೆದರಿಸುತ್ತವೆ. ಪಿಯುಸಿಯಲ್ಲಿ ವರ್ಷದ ಕೊನೆಗೆ ಒಂದು ದೊಡ್ಡ ಪರೀಕ್ಷೆ ಬರೆದು ಅಭ್ಯಾಸವಾದ ಮಕ್ಕಳಿಗೆ ಸೆಮಿಸ್ಟರ್, ಕ್ರೆಡಿಟ್, ಇಂಟರ್ನಲ್ ಎಂಬುವು ಒಂದೇ ಸಲ ಕಿವಿಯ ಮೇಲೆ ಬೀಳುತ್ತವೆ. ಕ್ರೆಡಿಟ್ ಎಂದರೆ ಒಂದು ವಿಷಯದ ತೂಕ. ಸಾಮಾನ್ಯವಾಗಿ ವಾರಕ್ಕೆ ಒಂದು ತಾಸಿನ ಪಾಠಕ್ಕೆ ಒಂದು ಕ್ರೆಡಿಟ್, ಎರಡು ತಾಸಿನ ಪ್ರಯೋಗಕ್ಕೆ ಒಂದು ಕ್ರೆಡಿಟ್. ಮೂರು ಕ್ರೆಡಿಟ್ಟಿನ ವಿಷಯಕ್ಕೆ ವಾರಕ್ಕೆ ಮೂರು ತಾಸು ಕೂರಬೇಕೆಂದು ಅರ್ಥ. ಇಂಟರ್ನಲ್ ಅಂಕಗಳು ಸೆಮಿಸ್ಟರಿನ ಉದ್ದಕ್ಕೂ ಕಿರುಪರೀಕ್ಷೆ, ಬರಹ, ಸೆಮಿನಾರ್ ಇವುಗಳಿಂದ ಕೂಡುತ್ತ ಹೋಗುತ್ತವೆ, ಕೊನೆಯ ವಾರ ರಾತ್ರಿಯೆಲ್ಲ ಓದಿ ಅವನ್ನು ಗಳಿಸಲಾಗುವುದಿಲ್ಲ.

ಹಾಜರಾತಿ ಶೇ. 75 ಎಂಬುದನ್ನು ಎಲ್ಲ ವೇದಿಕೆಗಳಲ್ಲೂ ಹೇಳುತ್ತಾರೆ, ಆದರೆ ಲೆಕ್ಕ ಹಾಕಿ ತೋರಿಸುವವರು ಕಡಿಮೆ. ಒಂದು ವಿಷಯಕ್ಕೆ ಸೆಮಿಸ್ಟರಿನಲ್ಲಿ 48 ತರಗತಿ ನಡೆದರೆ 36ಕ್ಕೆ ಇರಲೇಬೇಕು. ತಪ್ಪಿಸಿಕೊಳ್ಳಬಹುದಾದದ್ದು 12 ಮಾತ್ರ. ನಮ್ಮ ಕಡೆಯ ಮಕ್ಕಳು ಪಂಚಮಿಗೆ ಊರಿಗೆ ಹೋದರೆ ಒಂದು ವಾರ ಇರುತ್ತಾರೆ, ಹೊಲದ ಕೆಲಸ ಬಂದಾಗ ಮತ್ತೆ ಹೋಗುತ್ತಾರೆ, ದಸರೆ, ದೀಪಾವಳಿ ಬೇರೆ. ತರಗತಿಗಳು ಇನ್ನೂ ಸರಿಯಾಗಿ ಶುರುವಾಗಿಲ್ಲ ಎಂದುಕೊಂಡು ಮೊದಲ ಹದಿನೈದು ದಿನ ಊರಲ್ಲೇ ಉಳಿದವರ ಆ 12ರಲ್ಲಿ ಅರ್ಧದಷ್ಟು ಅಲ್ಲಿಯೇ ಮುಗಿದಿರುತ್ತವೆ. ಅಣ್ಣನಿಗೆ ಈ ಲೆಕ್ಕವನ್ನು ವಿಶೇಷವಾಗಿ ಹೇಳಿದೆ, ಏಕೆಂದರೆ ಮಗಳನ್ನು ಊರಿಗೆ ಕರೆಸುವುದು, ಬಿಡುವುದು ಅವನ ಕೈಯಲ್ಲಿದೆ.

ಇನ್ನೊಂದು ಮಾತು ಈ ಕೆಲವು ವರ್ಷಗಳ ಮಟ್ಟಿಗೆ ಬಹಳ ಮುಖ್ಯ. ಹೊಸಬರು ಯಾವ ವಿಷಯ ಆರಿಸಬೇಕು, ಯಾವ ಪತ್ರಿಕೆ ಸುಲಭ, ಎಷ್ಟು ವರ್ಷದ ಕೋರ್ಸು ಎಂದು ಹಿರಿಯ ವಿದ್ಯಾರ್ಥಿಗಳನ್ನು ಕೇಳುವುದು ರೂಢಿ. ಆದರೆ ನಮ್ಮ ರಾಜ್ಯದ ಪದವಿ ತರಗತಿಗಳಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಕ್ರಮ ಬಂದಿತ್ತು. 2024-25ರಿಂದ ಮತ್ತೆ ಮೂರು ವರ್ಷದ ಕ್ರಮಕ್ಕೆ ಮರಳಿದ್ದೇವೆ. ಹೀಗಾಗಿ ಮೂರ್ನಾಲ್ಕು ವರ್ಷ ಹಿಂದೆ ಸೇರಿದ ಅಕ್ಕ ಓದಿದ ಪಠ್ಯಕ್ರಮವೂ ಈಗ ಸೇರಿದ ತಂಗಿ ಓದುವ ಪಠ್ಯಕ್ರಮವೂ ಒಂದೇ ಆಗಿರಲಿಕ್ಕಿಲ್ಲ. ಹಿರಿಯರ ಅನುಭವ, ಹಳೆಯ ನೋಟ್ಸ್ ಎರಡನ್ನೂ ಪ್ರೀತಿಯಿಂದ ತೆಗೆದುಕೊಳ್ಳಬೇಕು, ಆದರೆ ನಿಮ್ಮ ವರ್ಷದ ಪಠ್ಯಕ್ರಮದ ಪ್ರತಿಯನ್ನು ವಿಭಾಗದಿಂದಲೇ ಪಡೆದು ಅದರ ಪ್ರಕಾರ ನಡೆಯಬೇಕು.

ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸೇರುವವರ ಸ್ಥಿತಿ ಸ್ವಲ್ಪ ಬೇರೆ. 2009ರ ಕಾಯ್ದೆಯಿಂದ ಹುಟ್ಟಿದ ಆ ಸಂಸ್ಥೆ ಆಳಂದ ತಾಲೂಕಿನ ಕಡಗಂಚಿಯಲ್ಲಿದೆ, ನಗರದಿಂದ ದೂರ. ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ ಬರುವುದರಿಂದ ಕೇರಳ, ಒಡಿಶಾ, ಉತ್ತರ ಭಾರತದ ಮಕ್ಕಳು ಪಕ್ಕದಲ್ಲಿ ಕೂತಿರುತ್ತಾರೆ, ವೇದಿಕೆಯ ಮೇಲೆ ಇಂಗ್ಲಿಷ್ ಮತ್ತು ಹಿಂದಿಯೇ ಹೆಚ್ಚು. ತಮ್ಮ ಊರಿನ ಪಕ್ಕದಲ್ಲೇ ಇರುವ ಕ್ಯಾಂಪಸ್ಸಿನಲ್ಲಿ ತಾವೇ ಪರಕೀಯರೆನಿಸಿತು ಎಂದು ಆ ಕಡೆಯ ಹುಡುಗನೊಬ್ಬ ನನ್ನ ಮುಂದೆ ಹೇಳಿದಾಗ ನನಗೆ ಬಹಳ ನೋವಾಯಿತು. ಅವನಿಗೆ ನಾನು ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ನೂರಾರು ಮೈಲಿ ದೂರದಿಂದ ಬಂದ ಆ ಮಕ್ಕಳಿಗೆ ಬಸ್ಸು ಎಲ್ಲಿ ನಿಲ್ಲುತ್ತದೆ, ರೊಟ್ಟಿ ಎಲ್ಲಿ ಸಿಗುತ್ತದೆ, ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಗೆ ಹೇಗೆ ಹೋಗಬೇಕು ಎಂಬುದೂ ಗೊತ್ತಿರುವುದಿಲ್ಲ. ಅದನ್ನು ಹೇಳಿಕೊಡುವುದರಿಂದ ಸ್ನೇಹ ಶುರುವಾಗುತ್ತದೆ, ಇಂಗ್ಲಿಷ್ ಆ ಸ್ನೇಹದಲ್ಲಿಯೇ ಬರುತ್ತದೆ. ಅದು ಬರುವವರೆಗೆ ಕನ್ನಡದಲ್ಲಿ ಕೇಳಬೇಕು. "ಸರ್, ಇದನ್ನು ಕನ್ನಡದಲ್ಲಿ ಒಮ್ಮೆ ಹೇಳ್ರಿ" ಎಂದು ಎದ್ದು ಕೇಳಿದ ವಿದ್ಯಾರ್ಥಿಗೆ ಗದರಿದ ಅಧ್ಯಾಪಕರನ್ನು ನಾನು ಈಚಿನ ವರ್ಷಗಳಲ್ಲಿ ನೋಡಿಲ್ಲ. ಒಬ್ಬರು ಕೇಳಿದ ಮೇಲೆ ಹಿಂದಿನ ಸಾಲುಗಳಲ್ಲಿ ಹತ್ತು ಜನ ಪೆನ್ನು ತೆಗೆಯುವುದನ್ನು ಮಾತ್ರ ಪ್ರತಿ ವರ್ಷ ನೋಡುತ್ತೇನೆ.

ರ‍್ಯಾಗಿಂಗ್ ಬಗ್ಗೆ ಅತ್ತಿಗೆಗೆ ಇದ್ದ ಹೆದರಿಕೆ ದೊಡ್ಡದು. ಅದನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. 2009ರ ಮಾರ್ಚಿನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜಿನಲ್ಲಿ ಅಮನ್ ಕಚ್ರೂ ಎಂಬ ಮೊದಲ ವರ್ಷದ ವಿದ್ಯಾರ್ಥಿ ಹಿರಿಯರ ಹೊಡೆತದಿಂದ ಸತ್ತುಹೋದ. ಅದೇ ವರ್ಷ ಧನಸಹಾಯ ಆಯೋಗ ರ‍್ಯಾಗಿಂಗ್ ತಡೆಯ ನಿಯಮಾವಳಿ ತಂದಿತು. ಈಗ ವಿದ್ಯಾರ್ಥಿ ಮತ್ತು ಪಾಲಕರಿಬ್ಬರೂ ಮುಚ್ಚಳಿಕೆ ಬರೆದುಕೊಡುತ್ತಾರೆ. ಅದನ್ನು ಓದದೆ ಸಹಿ ಮಾಡುವವರೇ ಹೆಚ್ಚು. ಓದಿದರೆ ಅದು ಕಿರಿಯರಿಗೆ ರಕ್ಷಣೆ ಕೊಡುವ ಕಾಗದ ಎಂದು ತಿಳಿಯುತ್ತದೆ: ಹೆಸರು ಕೇಳಿ ಅವಮಾನಿಸುವುದು, ಹಾಡಿಸಿ ಕುಣಿಸುವುದು, ತಮ್ಮ ಬರವಣಿಗೆಯ ಕೆಲಸ ಹೇರುವುದು, ದುಡ್ಡು ಖರ್ಚು ಮಾಡಿಸುವುದು ಇವೆಲ್ಲವೂ ರ‍್ಯಾಗಿಂಗೇ. 1800-180-5522 ಎಂಬ ಸಹಾಯವಾಣಿ ಹಗಲುರಾತ್ರಿ ಇರುತ್ತದೆ. ಆ ಸಂಖ್ಯೆಯನ್ನು ಮಗಳು ಹಾಳೆಯ ಅಂಚಿನಲ್ಲಿ ಬರೆದುಕೊಂಡಳು, ಅತ್ತಿಗೆ ತನ್ನ ಫೋನಿನಲ್ಲೂ ಸೇರಿಸಲು ಹೇಳಿದರು. ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ದೂರು ಸಮಿತಿ ಬೇರೆಯೇ ಇರುತ್ತದೆ. 2013ರ ಕಾಯ್ದೆಯ ಪ್ರಕಾರ ಅದರ ಅಧ್ಯಕ್ಷತೆ ಮಹಿಳೆಯದೇ ಆಗಿರಬೇಕು. ಆ ಸಮಿತಿಯಲ್ಲಿ ಯಾರಿದ್ದಾರೆ, ಅವರ ಕೋಣೆ ಎಲ್ಲಿದೆ ಎಂದು ಸಭೆಯಲ್ಲಿಯೇ ಕೇಳುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ವಸತಿಯ ವಿಷಯದಲ್ಲಿ ಬಹಳ ಮನೆಗಳಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಪ್ರವೇಶ ಸಿಕ್ಕರೆ ಹಾಸ್ಟೆಲ್ ಸಿಕ್ಕಂತಲ್ಲ. ವಿಶ್ವವಿದ್ಯಾಲಯದ ಹಾಸ್ಟೆಲ್ಲಿಗೆ ಬೇರೆ ಅರ್ಜಿ, ಬಿಸಿಎಂ (ಹಿಂದುಳಿದ ವರ್ಗಗಳ) ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲುಗಳಿಗೆ ಬೇರೆ ಅರ್ಜಿ. ಆಯ್ಕೆ ಪಟ್ಟಿ ಬರುವವರೆಗೆ ಕೆಲವು ವಾರ ಬಂಧುಗಳ ಮನೆಯಲ್ಲೋ ಬಾಡಿಗೆ ಕೋಣೆಯಲ್ಲೋ ಇರಬೇಕಾಗುತ್ತದೆ, ಅದಕ್ಕೆ ಮೊದಲೇ ಸಿದ್ಧರಾಗಿರಬೇಕು. ಬಸ್ಸಿನದು ಈಗ ಸುಲಭವಾಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲ. ಗಂಡುಮಕ್ಕಳು ಸೇವಾ ಸಿಂಧುವಿನಲ್ಲಿ ವಿದ್ಯಾರ್ಥಿ ಪಾಸಿಗೆ ಅರ್ಜಿ ಹಾಕಬೇಕು.

ಎಂಜಿನಿಯರಿಂಗ್ ಸೇರುವವರಿಗೆ ಇದೆಲ್ಲ ಒಂದು ದಿನಕ್ಕೆ ಮುಗಿಯುವುದಿಲ್ಲ. ಅಲ್ಲಿ ಮೂರು ವಾರಗಳ ಪರಿಚಯ ಕಾರ್ಯಕ್ರಮವನ್ನು ತಾಂತ್ರಿಕ ಶಿಕ್ಷಣ ಪರಿಷತ್ತು ಗೊತ್ತುಮಾಡಿದೆ. ಧನಸಹಾಯ ಆಯೋಗವೂ 2019ರಲ್ಲಿ ದೀಕ್ಷಾರಂಭ ಎಂಬ ಹೆಸರಿನಲ್ಲಿ ಎಲ್ಲ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಇಂಥದೇ ಮಾರ್ಗದರ್ಶಿಯನ್ನು ಪ್ರಕಟಿಸಿತು. ಭಾಷಣಗಳ ಜೊತೆಗೆ ಆಟ, ಕಲೆ, ಸಾಹಿತ್ಯ, ಸಣ್ಣ ಗುಂಪುಗಳಲ್ಲಿ ಮಾತುಕತೆ, ಸುತ್ತಲಿನ ಸ್ಥಳಗಳ ಭೇಟಿ ಇವೆಲ್ಲ ಅದರಲ್ಲಿವೆ. ಸ್ಥಳ ಭೇಟಿಯ ಭಾಗವನ್ನು ನಮ್ಮಲ್ಲಿ ಹೆಚ್ಚಿನವರು ಕೈಬಿಡುತ್ತಾರೆ ಎಂಬುದು ನನ್ನ ಕೊರಗು. ಬೀದರಿನಂಥ ಊರು ಪಕ್ಕದಲ್ಲೇ ಇರುವಾಗ ಹೀಗೆ ಕೈಬಿಡಬಾರದು. ಬಹಮನಿಗಳ ಮಂತ್ರಿಯಾಗಿದ್ದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಅಂಗಳದಲ್ಲಿ ಒಮ್ಮೆ ನನ್ನ ವಿದ್ಯಾರ್ಥಿಗಳನ್ನು ನಿಲ್ಲಿಸಿದ್ದೆ. ಮೂರು ಅಂತಸ್ತಿನ ಕಟ್ಟಡ, ನಡುವೆ ತೆರೆದ ಅಂಗಳ, ಸುತ್ತ ಸಾಲಾಗಿ ವಿದ್ಯಾರ್ಥಿಗಳು ಉಳಿಯುತ್ತಿದ್ದ ಕೋಣೆಗಳು, ಉಪನ್ಯಾಸದ ಕೋಣೆಗಳು, ಗ್ರಂಥಾಲಯ. 17ನೇ ಶತಮಾನದ ಕೊನೆಯಲ್ಲಿ ಸಿಡಿಮದ್ದಿನ ಸ್ಫೋಟಕ್ಕೆ ಒಂದು ಭಾಗ ಕುಸಿದು, ಈಗ ಒಂದೇ ಮಿನಾರು ನಿಂತಿದೆ. ಅದರ ಮೈಮೇಲೆ ಬಣ್ಣದ ಹೆಂಚುಗಳ ತುಣುಕುಗಳು ಅಲ್ಲಲ್ಲಿ ಉಳಿದಿವೆ. ಔರಾದಿನ ಕಡೆಯ ಒಬ್ಬ ಹುಡುಗ ಒಂದು ಸಣ್ಣ ಕೋಣೆಯೊಳಗೆ ಹೋಗಿ ಗೋಡೆಯ ಗೂಡಿನಲ್ಲಿ ಕೈಯಿಟ್ಟು, "ಸರ್, ಇಲ್ಲಿ ಅವರು ಪುಸ್ತಕ ಇಡ್ತಿದ್ರೇನ್ರಿ?" ಎಂದು ಕೇಳಿದ. ಕಾಲೇಜಿನಲ್ಲಿ ಅದುವರೆಗೆ ಅವನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಉನ್ನತ ಶಿಕ್ಷಣ ಎಂಬುದು ಬೆಂಗಳೂರಿನಿಂದಲೋ ಧಾರವಾಡದಿಂದಲೋ ನಮ್ಮ ಕಡೆಗೆ ತಡವಾಗಿ ಬಂದ ವಸ್ತು ಎಂಬ ಭಾವನೆ ನಮ್ಮ ಮಕ್ಕಳಲ್ಲಿದೆ. ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ ಆಯಿತು, ಅದಕ್ಕೆ ಮೊದಲು ಇಲ್ಲಿದ್ದದ್ದು ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಎಂಬುದು ನಿಜ. ಆದರೆ ಐದು ನೂರು ವರ್ಷಗಳ ಹಿಂದೆ ಹೊರದೇಶಗಳ ವಿದ್ವಾಂಸರು ಈ ನೆಲಕ್ಕೆ ಬಂದು ಪಾಠ ಹೇಳಿದ್ದೂ ನಿಜ, ಅದನ್ನು ಮಕ್ಕಳು ಮೊದಲ ವಾರದಲ್ಲಿಯೇ ಕಣ್ಣಾರೆ ಕಾಣಬೇಕು.

ಪಾಲಕರು ಬರಲೇಬೇಕೆಂದು ನಾನು ಹಟ ಹಿಡಿದದ್ದಕ್ಕೆ ಕಾರಣ, ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದ ನನ್ನ ಅಪ್ಪ. ಆ ದಿನ ಅವರು ಒಳಗಿದ್ದಿದ್ದರೆ, ಇಂಗ್ಲಿಷ್ ತಿಳಿಯದಿದ್ದರೂ, ಬಾಜೂದವರನ್ನು "ಏನಂದ್ರಿ ಸಾಹೇಬ್ರ?" ಎಂದು ಖಂಡಿತ ಕೇಳುತ್ತಿದ್ದರು. ಸಂತೆಯಲ್ಲಿ, ಅಡತಿಯಲ್ಲಿ, ತಹಸೀಲಿ ಕಚೇರಿಯಲ್ಲಿ ನಿಂತು ಕೇಳಿ ಅಭ್ಯಾಸವಿದ್ದ ಮನುಷ್ಯ ಅವರು. ಹದಿನೆಂಟು ವರ್ಷದ ಮಕ್ಕಳಿಗೆ ಆ ಧೈರ್ಯ ಇನ್ನೂ ಬಂದಿರುವುದಿಲ್ಲ, ರೈತರಿಗೆ ಕೂಲಿಕಾರರಿಗೆ ಅದು ಇದೆ. ಅದನ್ನು ಹೊರಗೆ ಕೂರಿಸುವುದು ಸಂಸ್ಥೆಗಳು ಮಾಡುವ ದೊಡ್ಡ ತಪ್ಪು. ನಮ್ಮ ಕಾಲೇಜಿನಲ್ಲಿ ಈಗ ಪಾಲಕರಿಗೆ ಮುಂದಿನ ಎರಡು ಸಾಲು ಬಿಡುತ್ತೇವೆ, ಧೋತರ, ಇಳಕಲ್ ಸೀರೆ ಉಟ್ಟು ಬಂದವರು ಹಿಂದೆ ಸರಿದರೂ ಕೈಹಿಡಿದು ಕರೆದುಕೊಂಡು ಬಂದು ಕೂರಿಸುತ್ತೇವೆ.

ಸೋಮವಾರ ರಾತ್ರಿ ಎಂಟಕ್ಕೆ ಅಣ್ಣನ ಫೋನ್ ಬಂತು. ಯಾದಗಿರಿ ಸ್ಟೇಷನ್ನಿನಿಂದ ಮಾತಾಡುತ್ತಿದ್ದ, ಹಿಂದೆ ರೈಲಿನ ಘೋಷಣೆ ಕೇಳುತ್ತಿತ್ತು. ಸಭೆಯಲ್ಲಿ ಮಗಳು ಎದ್ದು ವಿದ್ಯಾರ್ಥಿವೇತನದ ತಾರೀಖು ಕೇಳಿದಳಂತೆ, ವೇದಿಕೆಯ ಮೇಲಿದ್ದವರು ಇನ್ನೊಬ್ಬರನ್ನು ಕರೆಸಿ ಉತ್ತರ ಹೇಳಿಸಿದರಂತೆ. ಬ್ಯಾಂಕಿನ ಮಾತು ಬಂದಾಗ ತಾನೂ ಎದ್ದು ನಿಂತೆ ಎಂದು ಹೇಳುವಾಗ ಅವನ ಧ್ವನಿ ಬೇರೆಯಾಗಿತ್ತು. "ನಾಳಿ ಮುಂಜಾನಿ ಬ್ಯಾಂಕಿಗಿ ಹೋಗಿ ಆ ಸೀಡಿಂಗ್ ಕೇಳ್ತೀನಿ. ಎಡಿ ಮಧ್ಯಾಹ್ನದ ಮ್ಯಾಲ ಹೊಡದರಾತು" ಎಂದ.

ಆಮೇಲೆ ಮಗಳು ಫೋನ್ ತೆಗೆದುಕೊಂಡಳು. ನಾನು ಬರೆಸಿದ ಪ್ರಶ್ನೆಗಳ ಕೆಳಗೆ ತಾನೇ ಒಂದು ಪ್ರಶ್ನೆ ಸೇರಿಸಿದ್ದಳಂತೆ: ಗ್ರಂಥಾಲಯ ಸಂಜೆ ಎಷ್ಟರವರೆಗೆ ತೆರೆದಿರುತ್ತದೆ. ಸಭೆಯಲ್ಲಿ ಅದಕ್ಕೆ ಯಾರೂ ಸರಿಯಾಗಿ ಹೇಳಲಿಲ್ಲವಂತೆ.

"ಮತ್ತ ಏನ್ ಮಾಡಿದಿ?" ಎಂದು ಕೇಳಿದೆ.

"ಎಲ್ಲರೂ ಊಟಕ್ಕ ಹೋದಾಗ ನಾನು, ಅಪ್ಪ ಹೋಗಿ ನೋಡಿ ಬಂದೀವಿ ಕಾಕಾ. ರಾತ್ರಿ ಎಂಟರತನಕ ಇರ್ತದಂತ. ಕಿಡಕಿ ಕಡಿ ನಾಕು ಕುರ್ಚಿ ಅದಾವ, ಅಲ್ಲಿ ಗಾಳಿ ಚಲೋ ಬರ್ತದ."